ಆಪಾ ಬರೆಯದ ಆರು

ಅವರ ಹೆಸರನ್ನು ನಾನು ಮಂದಿಯ ಎದುರು ಪೂರ್ತಿಯಾಗಿ ಹೇಳಿದ್ದು ಒಂದೇ ಸಲ. ತಂದೆಯ ಹೆಸರು, ಮನೆತನದ ಹೆಸರು ಸಮೇತ ಹೇಳಿದ್ದೆ. ಹೊಗಳುವುದಕ್ಕೆ ಹೇಳಿದ್ದಲ್ಲ. ಆ ಒಂದು ಸಲವೇ ಈ ಜನ್ಮಕ್ಕೆ ಸಾಕು ಅನ್ನಿಸಿರುವುದರಿಂದ ಇಲ್ಲಿ ಹೆಸರು ಬರೆಯುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಆಪಾ ಅಂದರೆ ಅಕ್ಕ. ಅವರಿಗಿಂತ ಹತ್ತು ವರ್ಷ ದೊಡ್ಡವರಾಗಿದ್ದ ನಮ್ಮ ಪ್ರಿನ್ಸಿಪಾಲರು ಕೂಡ ಬಾಗಿಲಲ್ಲಿ ನಿಂತು, "ಆಪಾ, ಒಳಗ ಬರ್ಲೇನ್ರಿ?" ಎಂದು ಕೇಳಿಯೇ ಕಾಲಿಡುತ್ತಿದ್ದರು. ಚಪ್ಪಲಿ ಬಿಡದೆ ಬಂದರೆ ಪ್ರಿನ್ಸಿಪಾಲರಿಗೂ ಬೈಗುಳ ತಪ್ಪುತ್ತಿರಲಿಲ್ಲ.

ಕಾಗದದ ಮೇಲೆ ಅವರು ಅಟೆಂಡರ್. ಕಲಬುರಗಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ಬಾಟಲಿ ತೊಳೆಯುವುದು, ಟೇಬಲ್ ಒರೆಸುವುದು, ಚಹಾ ತರಿಸುವುದು, ಇಷ್ಟು ಅವರ ಕೆಲಸ. ಉರ್ದು ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿದ್ದರು. ಗಂಡ ದರ್ಗಾ ಕಡೆ ಹತ್ತಿ ತುಂಬಿ ರಜಾಯಿ ಹೊಲಿಯುತ್ತಿದ್ದರು. ನಾನಾದರೋ ಆಗ ತಾನೇ ಡಾಕ್ಟರೇಟ್ ಮುಗಿಸಿ ಬಂದವನು, ಬ್ರಹ್ಮಪುರದ ನಮ್ಮ ಓಣಿಗೆಲ್ಲ ನಾನೊಬ್ಬನೇ ವಿಜ್ಞಾನಿ. ತಲೆ ಎಲ್ಲಿತ್ತು, ಕಾಲು ಎಲ್ಲಿತ್ತು, ನನಗೇ ಗೊತ್ತಿರಲಿಲ್ಲ.

ಒಂದು ದಿನ ಬಾಳೆಯ ಮೊಳಕೆ ಕತ್ತರಿಸಿ ಬಾಟಲಿಗೆ ಹಾಕುವುದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ, ಭಾಷಣ ಜೋರಾಗಿತ್ತು. ಹಿಂದಿನಿಂದ ಒಂದು ದನಿ ಬಂತು: "ಸರ್, ಬಾಯಿ ಮುಚ್ರಿ."

ಹುಡುಗರೆಲ್ಲ ಕಿಸಕ್ಕನೆ ನಕ್ಕರು. ನನ್ನ ಮುಖ ಕೆಂಡವಾಯಿತು. ತಿರುಗಿ ನೋಡಿದರೆ ಈಯಮ್ಮ, ಕೈಯಲ್ಲಿ ಒರೆಸುವ ಬಟ್ಟೆ.

"ಉಸಿರು ಬಾಟಲಿಯೊಳಗ ಬೀಳಾಕತ್ತದ್ರಿ," ಎಂದರು. "ಬೂಸು ಬರ್ತದ."

ಸಿಟ್ಟಿನಲ್ಲಿ, "ನೀವೇ ಮಾಡಿ ತೋರಿಸ್ರಿ ಮತ್ತ" ಎಂದೆ. ಅವರು ಮೊಣಕೈವರೆಗೆ ಕೈ ತೊಳೆದು, ಸೆರಗಿನಿಂದ ಬಾಯಿ ಕಟ್ಟಿಕೊಂಡು ಹತ್ತು ಬಾಟಲಿ ಮಾಡಿದರು. ಮೂರನೆಯ ದಿನ ನೋಡಿದರೆ ನನ್ನ ಬಾಟಲಿಗಳಿಗೆಲ್ಲ ಬಿಳಿ ಬೂಸು. ಅವರ ಹತ್ತೂ ಕನ್ನಡಿಯ ಹಾಗೆ ಸ್ವಚ್ಛ. ಆ ದಿನದಿಂದ ಕತ್ತರಿಸುವ ಕೆಲಸ ಅವರದಾಯಿತು, ಭಾಷಣದ ಕೆಲಸ ನನ್ನದು. ಈಗ ಕೂತು ಯೋಚಿಸಿದರೆ ಮುಂದಿನ ಇಪ್ಪತ್ತು ವರ್ಷ ನಾವು ಮಾಡಿದ್ದು ಅದನ್ನೇ.

ಬೆಳಿಗ್ಗೆ ಬಂದವರೇ ಬಳೆ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ಹಾಕುತ್ತಿದ್ದರು. ಗಾಜಿನ ಬಳೆ, ಕೈಗೆ ಆರಾರು. ಗಂಡ ಇರುವಾಗ ಬಳೆ ಬಿಚ್ಚುತ್ತಾಳೆಂದು ಅತ್ತೆ ಬಹಳ ದಿನ ಕೂಗಾಡಿದ್ದರಂತೆ. "ಬಳಿ ಸಂದ್ಯಾಗ ಧೂಳ ಕುಂಡ್ರತದ, ಏನ್ ಮಾಡ್ಲಿ? ನನ್ನ ಗಂಡನ ಆಯುಷ್ಯ ಬಳ್ಯಾಗಿಲ್ಲ, ರಜಾಯ್ಯಾಗ ಅದ," ಎನ್ನುತ್ತಿದ್ದರು. ಬಳೆ ಸದ್ದಾದರೆ ಒಂಬತ್ತೂವರೆ. ಮತ್ತೆ ಸದ್ದಾದರೆ ಐದು. ನಡುವೆ ಆ ಕೈಗಳಿಂದ ಒಂದು ಚೂರು ಶಬ್ದ ಇರುತ್ತಿರಲಿಲ್ಲ.

ಅವರೇನೂ ದೇವತೆ ಅಲ್ಲ ಮತ್ತೆ. ತಮ್ಮ ಕೈಯ ಬಗ್ಗೆ ಬೇಕಾದಷ್ಟು ಸೊಕ್ಕಿತ್ತು. ಯಾರಾದರೂ ಹೊಗಳಿದರೆ, "ನಜರ್ ಹಚ್ಚಬ್ಯಾಡ್ರಿ, ದೃಷ್ಟಿ ಆಗ್ತದ" ಎಂದು ಕೈ ಸೆರಗಿನೊಳಗೆ ಬಚ್ಚಿಡುತ್ತಿದ್ದರು. ಬೇರೆಯವರನ್ನು ಹೊಗಳುವುದರಲ್ಲಿ ಮಹಾ ಜಿಪುಣಿ. "ಪರವಾ ಇಲ್ಲ" ಎಂದರೆ ಚಿನ್ನದ ಪದಕ ಕೊಟ್ಟ ಹಾಗೆ. ಇನ್ನು ಅವರ ಮುನಿಸು! ಮುನಿಸಿಕೊಂಡರೆ ವಾರಗಟ್ಟಲೆ ನನ್ನ ಜೊತೆ ನೇರ ಮಾತಿಲ್ಲ. ನಾನು ಎದುರಿಗೇ ನಿಂತಿದ್ದರೂ ಯಾವನೋ ವಿದ್ಯಾರ್ಥಿಯ ಕಡೆ ತಿರುಗಿ, "ನಿಮ್ಮ ಸರ್‌ಗೆ ಹೇಳಪ್ಪಾ, ಚಾ ಆರಾಕತ್ತದ ಅಂತ" ಎನ್ನುತ್ತಿದ್ದರು. ನಾನೂ ಅವನಿಗೇ, "ಕುಡೀತೀನಿ ಅಂತ ಹೇಳು" ಎನ್ನುತ್ತಿದ್ದೆ. ಪಾಪ, ಅವನ ಕುತ್ತಿಗೆ ನೋಯುತ್ತಿತ್ತು.

ಅವರ ತವರು ಕಮಲಾಪುರ. ಆ ಊರಿನ ಕೆಂಪು ಬಾಳೆ ಗೊತ್ತಲ್ಲ. ತೋಟವಿದ್ದದ್ದು ತಮ್ಮನ ಪಾಲಿನಲ್ಲಿ. ಅಪ್ಪ ಬೇಗ ತೀರಿಕೊಂಡದ್ದರಿಂದ ಆ ತಮ್ಮನನ್ನು ಎತ್ತಿ ಆಡಿಸಿ, ಲೆಕ್ಕ ಕಲಿಸಿ, ಮದುವೆ ಮಾಡಿದವರು ಆಪಾ. ತವರಿಗೆ ಹೋಗಿ ಬಂದ ಮಾರನೆಯ ದಿನ ಲ್ಯಾಬಿನ ತುಂಬ ಆ ಹಣ್ಣಿನ ಘಮ. ಒಂದು ಸೋಮವಾರ ಹಣ್ಣಿನ ಬದಲು ಗೋಣಿಚೀಲದಲ್ಲಿ ಮಣ್ಣು ಮೆತ್ತಿದ ಬಾಳೆಯ ಕಂದು ತಂದು ನನ್ನ ಟೇಬಲಿನ ಮೇಲೆ ಇಟ್ಟರು.

"ತ್ವಾಟ ಎಲ್ಲ ರೋಗಕ್ಕ ಹೊಂಟಾವ್ರಿ ಸರ್. ಕಂದಿನಾಗೇ ರೋಗ ಬರ್ತದಂತ. ಇದನ್ನ ಬಾಟಲಿಯೊಳಗ ಬೆಳಸಾಕ ಬರ್ತದೇನ್ರಿ?"

ನನ್ನ ಸಂಶೋಧನೆ ಶುರುವಾದದ್ದು ಆ ಗೋಣಿಚೀಲದಿಂದ. ವೇದಿಕೆಗಳ ಮೇಲೆ ನಾನು ಬೇರೆ ಏನೇನೋ ಹೇಳಿದ್ದೇನೆ.

ಟಿಶ್ಯೂ ಕಲ್ಚರ್ ಎಂದರೆ ಇಷ್ಟೇ. ರೋಗವಿಲ್ಲದ ಕಂದಿನ ಒಳತಿರುಳಿನ ಮೊಳಕೆ ತೆಗೆದು, ಪೌಷ್ಟಿಕದ ಅಂಟಿನ ಮೇಲೆ ಬಾಟಲಿಯಲ್ಲಿ ಇಡುತ್ತೇವೆ. ಅದು ಒಂದು ನಾಲ್ಕಾಗುತ್ತದೆ. ಬಿಡಿಸಿ ನಾಲ್ಕು ಹೊಸ ಬಾಟಲಿಗೆ ಹಾಕುತ್ತೇವೆ. ಮತ್ತೆ ನಾಲ್ಕು. ಹೀಗೆ ಬಿಡಿಸುವ ಒಂದೊಂದು ಸುತ್ತಿಗೂ ಆಪಾ ಇಟ್ಟ ಹೆಸರು ಪೀಢಿ, ಅಂದರೆ ತಲೆಮಾರು. ಬಾಟಲಿಯ ಮುಚ್ಚಳಕ್ಕೆ ಚೀಟಿ ಹಚ್ಚಿ ಪೀಢಿಯ ಸಂಖ್ಯೆ ಬರೆಯುತ್ತಿದ್ದರು, ಉರ್ದು ಅಂಕಿಯಲ್ಲಿ. ಶಾಲೆಯಲ್ಲಿ ಕಲಿತದ್ದು ಅದೊಂದೇ, ಕೈಗೆ ಕೂತದ್ದೂ ಅದೊಂದೇ. ನಾವೆಲ್ಲ ಆ ಅಂಕಿಗಳನ್ನು ಓದಲು ಕಲಿತೆವು.

ಕಾಲೇಜಿನ ಹಿತ್ತಲಲ್ಲಿ ಕುಂಡಗಳಲ್ಲಿ ಬೆಳೆಸಿದ ಮೊದಲ ಗಿಡಗಳು ದೊಡ್ಡವಾದಾಗ ಕೆಲವು ಕೆಂಪು ದಿಂಡು ಬಿಟ್ಟವು, ಕೆಲವು ಹಸಿರು. ಹಸಿರಾದ ಗಿಡ ಹಸಿರು ಕಾಯಿಯನ್ನೇ ಬಿಟ್ಟಿತು. ನಾನು ಕೆಟ್ಟ ಮುಖ ಮಾಡಿಕೊಂಡು, "ಎಲ್ಲಾ ಕಿತ್ತು ಒಗೀರಿ" ಎಂದೆ.

"ಒಗಿಬ್ಯಾಡ್ರಿ. ಯಾವ ಗಿಡ ಎಷ್ಟನೇ ಪೀಢಿದು, ಎಲ್ಲಾ ನನ್ನ ಹತ್ರ ಬರ್ದದ," ಎಂದು ಆಪಾ ಒಂದು ಹಳೆಯ ನೋಟುಪುಸ್ತಕ ತಂದರು. ಯಾರೂ ಬರೆಯಲು ಹೇಳಿರಲಿಲ್ಲ. ಅದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಎಂಟನೆಯ ಪೀಢಿಯವರೆಗೆ ಎಲ್ಲವೂ ಕೆಂಪು. ಅದನ್ನು ದಾಟಿದವುಗಳಲ್ಲಿ ಬಣ್ಣ ಮರೆತವು ಹೆಚ್ಚುತ್ತ ಹೋಗಿದ್ದವು. ಬಾಟಲಿಯೊಳಗೆ ಎಲ್ಲವೂ ಒಂದೇ ತಿಳಿ ಹಸಿರು, ಕಣ್ಣಿಗೆ ಫರಕು ಕಾಣುವುದಿಲ್ಲ. ಬಾಟಲಿಯಲ್ಲಿರುವಾಗಲೇ ಎಲೆಯ ಚೂರಿನ ಡಿಎನ್ಎ ನೋಡಿ, ಈ ಗಿಡ ಮುಂದೆ ಕೆಂಪಾಗುತ್ತದೋ ಇಲ್ಲವೋ ಹೇಳುವ ಪರೀಕ್ಷೆಯನ್ನು ನಾನು ಎಷ್ಟೋ ವರ್ಷ ತಿಣುಕಿ ಕಂಡುಹಿಡಿದೆ. ಪರೀಕ್ಷೆ ಖರೆಯೇ. ಅದರಲ್ಲಿ ಇವತ್ತಿಗೂ ಒಂದು ಕೂದಲಷ್ಟು ತಪ್ಪಿಲ್ಲ.

ಲೇಖನ ಅಚ್ಚಾಗಿ ಬಂದಾಗ ಆಪಾಗೆ ತೋರಿಸಿದೆ. ಮೇಲೆ ನನ್ನ ಹೆಸರು, ನನ್ನ ಇಬ್ಬರು ವಿದ್ಯಾರ್ಥಿಗಳ ಹೆಸರು. ಕಟ್ಟಕಡೆಯ ಸಾಲಿನಲ್ಲಿ, ತಾಂತ್ರಿಕ ನೆರವಿಗಾಗಿ ಇಂಥವರಿಗೆ ವಂದನೆ ಎಂದು ಅವರ ಹೆಸರಿನ ಮೊದಲಕ್ಷರ. ನಾನು ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿ ನೋಡಿದರು.

"ಭಾಳ ಸಣ್ಣ ಅಕ್ಷರ ಅದಾವ್ರಿ. ನಾ ಇವತ್ತ ಚಷ್ಮಾ ತಂದಿಲ್ಲ," ಎಂದು ಬಾಟಲಿ ತೊಳೆಯಲು ಹೋದರು.

ಆಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನನ್ನ ನಾಚಿಕೆ ಯಾವಾಗಲೂ ತಡವಾಗಿಯೇ ಬರುವ ಗಿರಾಕಿ.

ಪರೀಕ್ಷೆಗೆ ಪೇಟೆಂಟ್ ಸಿಕ್ಕಿತು. ಸಂಶೋಧನೆ ಕಪಾಟಿನಲ್ಲಿ ಕೊಳೆಯಬಾರದು, ಹೊಲಕ್ಕೆ ಹೋಗಬೇಕು ಎಂದು ಎಲ್ಲರೂ ಬೆನ್ನು ತಟ್ಟಿದರು. ಶರಣಸಿರಸಗಿಯಲ್ಲಿ ಹೊಸ ಲೇಔಟಿನ ಅಂಚಿಗೆ ಒಂದು ಕಟ್ಟಡ ಹಿಡಿದು ಕಂಪನಿ ತೆರೆದೆ. ರೋಗವಿಲ್ಲದ, ಕೆಂಪು ಖಾತ್ರಿ ಇರುವ ಬಾಳೆ ಸಸಿ ನಮ್ಮ ಸರಕು. ಆಪಾ ಕಾಲೇಜು ಬಿಟ್ಟು ನನ್ನ ಜೊತೆ ಬಂದರು. ಅದೇ ಊರಿನ ಹನ್ನೆರಡು ಹೆಣ್ಣುಮಕ್ಕಳನ್ನು ಆರಿಸಿ ಕೆಲಸ ಕಲಿಸಿದರು. ಬಾಗಿಲ ಪಕ್ಕದಲ್ಲಿ ಈಗ ಹದಿಮೂರು ಮೊಳೆ. ಆ ಹುಡುಗಿಯರಿಗೆ ಅವರು ಕಲಿಸಿದ ಮೊದಲ ಪಾಠ: "ಎಂಟನೇ ಪೀಢಿ ಆತಂದ್ರ ಮುಗೀತವ್ವಾ. ಎಷ್ಟ ಛಂದ ಇದ್ರೂ ಬಾಟಲಿ ತೊಳಿಯಾಕ ಹಾಕ್ರಿ. ಮಾಯಾ-ಮಮತಾ ಮಾಡಬ್ಯಾಡ್ರಿ."

ಅವರ ಕೈ ನೋಡಿಯೇ ಕಮಲಾಪುರದ ಮಂದಿ ಸಸಿ ಕೊಂಡರು. ನನ್ನ ಡಿಎನ್ಎ ಅವರಿಗೆ ಏನು ಗೊತ್ತು? "ನಮ್ಮ ಊರ ಮಗಳು ಮಾಡಿದ ಸಸಿ" ಎಂಬುದೇ ಅವರಿಗೆ ಸರ್ಟಿಫಿಕೇಟು. ನಮ್ಮ ಕರಪತ್ರದ ಮೇಲೆ ಬಾಟಲಿ ಹಿಡಿದ ಎರಡು ಕೈಗಳ ಚಿತ್ರವಿದೆ. ಅವು ಆಪಾ ಕೈಗಳು. ಮುಖ ಇಲ್ಲ. ಮುಖ ಯಾಕಿಲ್ಲ ಎಂದು ಯಾರೂ ಕೇಳಿಲ್ಲ.

ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಬಂಡವಾಳ ಹಾಕುವವರು ಬಂದರು. ಐವಾನ್-ಎ-ಶಾಹಿ ಕಡೆ ಗೆಳೆಯರೊಬ್ಬರ ಮನೆಯಲ್ಲಿ ಊಟ. ಎಣ್ಣೆಗಾಯಿ ಬದನೆ, ಕಡಕ್ ರೊಟ್ಟಿ ತಿನ್ನುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ: ಬರುವ ಹಂಗಾಮಿಗೆ ಇದರ ದುಪ್ಪಟ್ಟು ಸಸಿ ಆಗುತ್ತದೆಯೇ? ಆಗುತ್ತದೆ ಎಂದುಬಿಟ್ಟೆ. ಆಗುವುದಕ್ಕೆ ಇದ್ದದ್ದು ಎರಡೇ ದಾರಿ. ಹೊಸ ಕಂದುಗಳಿಂದ ಮೊದಲಿನಿಂದ ಶುರು ಮಾಡುವುದು, ಅದಕ್ಕೆ ಒಂದು ವರ್ಷ ಬೇಕು. ಇಲ್ಲವೇ ಇರುವ ಬಾಟಲಿಗಳನ್ನೇ ಎಂಟು ದಾಟಿಸಿ ಬಿಡಿಸುತ್ತ ಹೋಗುವುದು. ಪ್ರತಿ ಪೀಢಿಗೂ ಮಾಡುತ್ತಿದ್ದ ಪರೀಕ್ಷೆಯನ್ನೂ ನಿಲ್ಲಿಸಿದೆ, ಅದು ಕೆಲಸ ನಿಧಾನ ಮಾಡುತ್ತದೆ ಎಂದು. ಯಾವ ಪರೀಕ್ಷೆಯ ಹೆಸರಿನಲ್ಲಿ ಕಂಪನಿ ಹುಟ್ಟಿತ್ತೋ ಅದನ್ನೇ ನಿಲ್ಲಿಸಿದೆ.

ಆಪಾ ಒಂಬತ್ತನೆಯದಕ್ಕೆ ಬೇಡವೆಂದರು. ಹತ್ತನೆಯದಕ್ಕೆ ಮುನಿಸಿಕೊಂಡರು. ಹನ್ನೊಂದನೆಯದಕ್ಕೆ, "ನಿಮ್ಮ ಕಂಪನಿ, ನಿಮ್ಮ ಹುಕುಂ" ಎಂದು ಹೇಳಿ ಕತ್ತರಿಸಿದರು. ಆದರೆ ಮುಚ್ಚಳದ ಚೀಟಿಯ ಮೇಲೆ ಒಂಬತ್ತನ್ನು ಒಂಬತ್ತೆಂದೇ, ಹನ್ನೊಂದನ್ನು ಹನ್ನೊಂದೆಂದೇ ಬರೆದರು.

ಅಷ್ಟರಲ್ಲಿ ಹಣ ಹಾಕುವವರ ಕಡೆಯಿಂದ ತಜ್ಞರೊಬ್ಬರು ಸೋಮವಾರ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಶನಿವಾರ ನಾನು ಆಪಾಗೆ ಹೇಳಿದೆ: "ಚೀಟಿ ಎಲ್ಲಾ ಬದಲಿ ಮಾಡ್ರಿ. ಆರು ಅಂತ ಬರೀರಿ."

"ನನ್ನ ಕೈಲೆ ಆಗೂದಿಲ್ರಿ."

"ಬರೇ ಚೀಟಿ ಆಪಾ. ಪರೀಕ್ಷಾ ಆಮ್ಯಾಲೆ ಮಾಡೋಣು."

"ನನ್ನ ಕೈಲೆ ಆಗೂದಿಲ್ಲ ಅಂದ್ನಲ್ರಿ ಸರ್," ಎಂದು ಬಳೆ ಹಾಕಿಕೊಂಡು ಹೋದರು. ಐದು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಅಷ್ಟು ವರ್ಷಗಳಲ್ಲಿ ಅವರು ಬೇಗ ಹೋದದ್ದು ಅದೊಂದು ದಿನ.

ಭಾನುವಾರ ಮಧ್ಯಾಹ್ನ ನಾನೊಬ್ಬನೇ ಹೋದೆ. ಬೀಗ ತೆಗೆದು ಕೂತು, ಒಂದೊಂದೇ ಚೀಟಿ ಕಿತ್ತು, ಹೊಸ ಚೀಟಿ ಹಚ್ಚಿ, ನನ್ನ ಕೈಯಾರೆ ಆರು, ಆರು, ಆರು ಎಂದು ಇಂಗ್ಲಿಷ್ ಅಂಕಿ ಬರೆದೆ. ಕಳ್ಳತನ ಮಾಡುವವನಿಗೆ ಬೆವರು ಬರುತ್ತದೆ ಎನ್ನುತ್ತಾರೆ, ನನಗೆ ಬರಲಿಲ್ಲ. ಏಸಿ ಇತ್ತು.

ಸೋಮವಾರ ಆಪಾ ಬಂದರು, ಬಳೆ ಬಿಚ್ಚಿ ಮೊಳೆಗೆ ಹಾಕಿದರು, ಕಪಾಟಿನ ಮುಂದೆ ನಿಂತರು. ಒಂದೊಂದೇ ಚೀಟಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಆರು ಅಂತ ನೀವು ಬರ್ದೀರಿ, ಖರೆ. ಗಿಡಕ್ಕ ಓದಾಕ ಬರಂಗಿಲ್ರಿ ಸರ್."

ತಪಾಸಣೆ ಸುಸೂತ್ರವಾಗಿ ಮುಗಿಯಿತು. ಅದೇ ಆರು ಅಂಕಿಯ ಚೀಟಿ ಹಚ್ಚಿದ ಟ್ರೇಗಳಲ್ಲಿ ಸಸಿಗಳು ಕಮಲಾಪುರಕ್ಕೆ ಹೋದವು. ನೆರಳು ಪರದೆಯ ಕೆಳಗೆ ಸಸಿಗಳು ನಿಂತಿದ್ದಾಗಲೇ ಆಪಾ, "ಕೆಲವಕ್ಕ ದಂಟು ಕೆಂಪ ತಿರುಗವಲ್ದು, ನೋಡ್ರಿ" ಎಂದು ಟ್ರೇಗಳನ್ನು ಬೇರೆ ಇಟ್ಟಿದ್ದರು. "ಬಿಸಿಲು ಬಿದ್ರ ತಿರುಗ್ತದ" ಎಂದು ನಾನೇ ಗಾಡಿಗೆ ಹೇರಿಸಿದೆ. ಅದರಲ್ಲಿ ಒಂದು ಪಾಲು ಅವರ ತಮ್ಮನ ತೋಟಕ್ಕೂ ಹೋಯಿತು. ಅಕ್ಕನ ಕಂಪನಿಯ ಸಸಿ ತಮ್ಮನ ಹೊಲದಲ್ಲಿ ಇಲ್ಲದಿದ್ದರೆ ಮಂದಿ ಏನೆಂದಾರು ಎಂದು ನಾನೇ ಫೋನು ಮಾಡಿ ಒಪ್ಪಿಸಿದ್ದೆ.

ಗಿಡ ಆಳೆತ್ತರ ಆದಾಗ ಫೋನು ಶುರುವಾದವು. ದಿಂಡು ಹಸಿರದ ಎಂದರೆ, ಗೊಬ್ಬರ ಹಾಕ್ರಿ ಎಂದೆ. ಇನ್ನೂ ಹಸಿರದ ಎಂದರೆ, ಗೊನೆ ಬರಲಿ ನೋಡೋಣು ಎಂದೆ. ಗೊನೆ ಬಂತು. ಅದೂ ಹಸಿರು.

ಬೆಳೆಗಾರರ ಸಂಘದ ವರಾಂಡದಲ್ಲಿ ಸಭೆ ಕರೆದರು. ಟೇಬಲಿನ ಮೇಲೆ ಒಂದು ಹಸಿರು ಗೊನೆ ಇಟ್ಟಿದ್ದರು, ಅಷ್ಟೆ. ಯಾರೂ ಕೂಗಾಡಲಿಲ್ಲ. ಒಬ್ಬ ಹಿರಿಯರು, "ಇದೇನ್ರಿ ಸರ್?" ಎಂದು ಕೇಳಿದರು. ಆಪಾ ಹೆಂಗಸರ ನಡುವೆ ಹಿಂದೆ ಕೂತಿದ್ದರು. ಅವರ ತಮ್ಮ ಎದುರಿನ ಸಾಲಿನಲ್ಲಿದ್ದರು. ಆ ಕ್ಷಣ ನನಗೆ ಕಂಪನಿ ಕಂಡಿತು, ಪೇಟೆಂಟ್ ಕಂಡಿತು, ಹಣ ಹಾಕಿದವರ ಮುಖ ಕಂಡಿತು. ಬಾಯಿ ತಾನಾಗಿ ತೆರೆಯಿತು ಎಂದು ಬರೆಯುವ ಆಸೆಯಾಗುತ್ತಿದೆ. ಆದರೆ ತಾನಾಗಿ ತೆರೆಯಲಿಲ್ಲ, ನಾನೇ ತೆರೆದೆ.

"ನಮ್ಮ ಪರೀಕ್ಷಾದಾಗ ತಪ್ಪಿಲ್ರಿ. ಲ್ಯಾಬಿನಾಗ ಬಾಟಲಿ ಅದಲು ಬದಲು ಆಗ್ಯಾವ. ಚೀಟಿ ಹಚ್ಚೂ ಜಿಮ್ಮೇದಾರಿ ಇವರದು," ಎಂದು ಹೇಳಿ ಅವರ ಪೂರ್ತಿ ಹೆಸರು ಹೇಳಿದೆ.

ಎಲ್ಲರ ತಲೆಗಳೂ ಹಿಂದಕ್ಕೆ ತಿರುಗಿದವು. ಆಪಾ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಎದ್ದು ನಿಂತರು.

"ಚೀಟಿ ಜಿಮ್ಮೇದಾರಿ ನಂದೇ ಇತ್ತು," ಎಂದರು. ಅಷ್ಟೇ ಹೇಳಿ ಕೂತರು.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಮಂದಿ ಅದನ್ನು ತಪ್ಪೊಪ್ಪಿಗೆ ಎಂದುಕೊಂಡರು. ಒಬ್ಬ ಮುದುಕಿ, "ಯವ್ವಾ, ನಿನ್ನ ಕೈ ನಂಬಿ ಹಚ್ಚಿದ್ವಲ್ಲವ್ವಾ" ಎಂದಳು. ಆಪಾ ಅವರ ತಮ್ಮ, ಅಕ್ಕನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಎದ್ದು ಹೋದರು.

ವಾಪಸು ಬರುವಾಗ ಆಪಾ ಎಂದಿನಂತೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮುಂದೆ ಕೂಡ್ರಿ ಎಂದು ಎಷ್ಟು ಸಲ ಹೇಳಿದರೂ ಅವರು ಮುಂದೆ ಕೂತವರಲ್ಲ. ಬೈದರೆ ಸಾಕಪ್ಪ ಎಂದು ಕಾಯುತ್ತ ಗಾಡಿ ಓಡಿಸುತ್ತಿದ್ದೆ.

"ಸರ್," ಎಂದರು ಕೊನೆಗೆ. "ಇವತ್ತ ನಾ ಬಾಯಿ ಬಿಟ್ಟಿದ್ರ ಕಂಪನಿ ಮುಚ್ಚತಿತ್ತು. ಹನ್ನೆರಡು ಹೆಣ್ಣಮಕ್ಕಳು ಮನೀಗಿ ಹೋಗ್ತಿದ್ರು. ಅದಕ್ಕ ಸುಮ್ಮನಾದೆ. ನಿಮ್ಮ ಸಲುವಾಗಿ ಅಲ್ಲ."

"ಗೊತ್ತದ ಆಪಾ."

"ಮಂದಿ ಏನರ ಅನ್ಲಿ. ನಮ್ಮ ತಮ್ಮಗ ಒಬ್ಬಗ ನೀವು ಖರೆ ಹೇಳ್ರಿ. ನಾ ಹೇಳಿದ್ರ ನಿಮ್ಮ ಮ್ಯಾಲೆ ಹಾಕಿದಂಗ ಆಗ್ತದ. ನೀವೇ ಹೇಳ್ಬೇಕು."

"ಹೇಳ್ತೀನಿ."

"ಯಾವಾಗ?"

"ಈ ವಾರದಾಗ."

ಆ ವಾರ ಹೊಸ ಸಸಿಗಳನ್ನು ಪುಕ್ಕಟೆ ಹಂಚುವ ಗಡಬಡಿ. ಹಸಿರು ಗಿಡ ಕಿತ್ತ ಜಾಗಕ್ಕೆಲ್ಲ ಸರಿಯಾಗಿ ಪರೀಕ್ಷೆ ಮಾಡಿದ ಸಸಿ ಕೊಟ್ಟೆವು. ಮುಂದಿನ ವಾರ ನನಗೆ ಜ್ವರ. ಆಮೇಲೆ ರಂಜಾನ್, ಉಪವಾಸದಲ್ಲಿ ಯಾಕೆ ಮನಸ್ಸು ನೋಯಿಸುವುದು ಎಂದುಕೊಂಡೆ. ಆಮೇಲೆ ಮಳೆ. ನನಗೆ ನೆಪಗಳ ಬರ ಎಂದೂ ಬಂದಿಲ್ಲ. ಆಪಾ ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ವರ್ಷ ತುಂಬುವ ಮೊದಲೇ ಮೊಣಕಾಲು ನೋವೆಂದು ಕೆಲಸ ಬಿಟ್ಟರು. ಹೋಗುವ ದಿನ ಬಳೆ ಹಾಕಿಕೊಂಡು, ಮೊಳೆಯನ್ನೊಮ್ಮೆ ಮುಟ್ಟಿ, ಹುಡುಗಿಯರಿಗೆ, "ಎಂಟು ದಾಟಬ್ಯಾಡ್ರವ್ವಾ" ಎಂದು ಹೇಳಿ ಹೋದರು. ನನಗೂ ಏನಾದರೂ ಹೇಳುತ್ತಾರೆಂದು ಬಾಗಿಲವರೆಗೆ ಹೋದೆ. "ಬರ್ತೀನ್ರಿ" ಎಂದರು.

ಕಂಪನಿ ಬೆಳೆಯಿತು. ಎಂಟು ದಾಟಲಿಲ್ಲ, ಪರೀಕ್ಷೆ ಮತ್ತೆ ತಪ್ಪಲಿಲ್ಲ. ಸಂಶೋಧನೆಯಿಂದ ಉದ್ಯಮಕ್ಕೆ ಎಂಬ ವಿಷಯದ ಮೇಲೆ ನನ್ನನ್ನು ಮಾತಿಗೆ ಕರೆಯುತ್ತಾರೆ. ಮೊದಲ ಚಿತ್ರವಾಗಿ ಆ ಎರಡು ಕೈಗಳನ್ನೇ ತೋರಿಸುತ್ತೇನೆ. ಜನ ಚಪ್ಪಾಳೆ ಹೊಡೆಯುತ್ತಾರೆ.

ಐದು ವರ್ಷ ಹೀಗೆಯೇ ಹೋಯಿತು. ಈ ವರ್ಷ ಅಂಥದೇ ಒಂದು ಭಾಷಣ ಮುಗಿಸಿ ಊಟಕ್ಕೆ ಕೂತಿದ್ದಾಗ, ಆ ಹನ್ನೆರಡು ಮಂದಿಯಲ್ಲಿ ಒಬ್ಬಾಕೆಯ ಫೋನು ಬಂತು. "ಸರ್, ಆಪಾ ಹೋದ್ರು" ಎಂದಳು. ನಾಲ್ಕು ದಿನದ ಜ್ವರವಂತೆ. ನಾನು ಹೋಗುವ ಹೊತ್ತಿಗೆ ಗಂಡಸರು ಓಣಿಯಲ್ಲಿ ನಿಂತಿದ್ದರು. ಅಕ್ಕನ ಮನೆಯ ಹೊಸ್ತಿಲು ಬಹಳ ದಿನದಿಂದ ತುಳಿಯದ ತಮ್ಮನೂ ಕಮಲಾಪುರದಿಂದ ಬಂದಿದ್ದರು, ಹೆಗಲು ಕೊಟ್ಟರು. ಅಕ್ಕ ತಮ್ಮನ ನಡುವೆ ಮಾತಿಲ್ಲವೆಂದು ಲ್ಯಾಬಿನ ಹೆಣ್ಣುಮಕ್ಕಳು ಆಗಾಗ ಹೇಳುತ್ತಿದ್ದರು. ಅದಕ್ಕೆ ಕಾರಣ ಯಾರೆಂದು ನನಗೆ ಗೊತ್ತಿತ್ತು. ಅಲ್ಲಿ ನಿಂತು ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಮಣ್ಣು ಹಾಕಿ ಬಂದುಬಿಟ್ಟೆ.

ಹದಿನೈದು ದಿನ ಬಿಟ್ಟು ಕಮಲಾಪುರಕ್ಕೆ ಹೋದೆ. ತೋಟದ ದಂಡೆಗೆ ಗಾಡಿ ನಿಲ್ಲಿಸಿದಾಗ ಆಪಾ ಅವರ ತಮ್ಮ ಗಿಡಕ್ಕೆ ನೀರು ಬಿಡುತ್ತಿದ್ದರು. ಕತ್ತೆತ್ತಿ ನನ್ನನ್ನು ನೋಡಿದರು, ನನ್ನನ್ನು ದಾಟಿ ಗಾಡಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಕೈ ತೊಳೆದು ಬಂದರು. ತೋಟವೆಲ್ಲ ಕೆಂಪು ದಿಂಡು. ಮೂಲೆಯಲ್ಲಿ ಒಂದೇ ಒಂದು ಗುಂಪು ಮಾತ್ರ ಹಸಿರು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವರು ಕಂಡರು.

"ಅದೊಂದು ಕೀಳಲಿಲ್ರಿ. ಆಪಾ ಕೈಲೆ ಆದ ಗಿಡ. ರುಚಿ ಏನ್ ಬ್ಯಾರೆ ಇಲ್ಲ."

ನಾನು ನಿಂತಲ್ಲೇ ಹೇಳಿದೆ. ಭಾನುವಾರ, ಚೀಟಿ, ಆರು, ಎಲ್ಲ. ಕುಳಿತು ಹೇಳುವ ಯೋಗ್ಯತೆ ನನಗಿರಲಿಲ್ಲ.

"ಗೊತ್ತದ್ರಿ," ಎಂದರು ಕೊನೆಗೆ.

"ಆಪಾ ಹೇಳಿದ್ರೇನು?"

"ಆಕಿ ಯಾಕ ಹೇಳ್ತಾಳ್ರಿ? ಟ್ರೇ ಮ್ಯಾಲಿನ ಆರು ಆಕಿ ಬರ್ದದ್ದಲ್ಲ. ನನಗ ಉರ್ದು ಅಂಕಿ ಕಲಿಸಿದಾಕಿ ಆಕಿ. ಆಕಿ ಆರು ಹೆಂಗ ಬರೀತಾಳಂತ ನನಗ ಗೊತ್ತಿಲ್ಲೇನ್ರಿ? ಸಭಾದಾಗ ನೀವು ಆಕಿ ಹೆಸರು ಹೇಳೂ ಮುಂದೇ ಗೊತ್ತಿತ್ತು."

"ಮತ್ತ ಆಪಾ ಜೋಡಿ ಮಾತ ಯಾಕ ಬಿಟ್ರಿ ಭಾಯಿ?"

"ನಾ ಎಲ್ಲಿ ಬಿಟ್ಟೀನ್ರಿ? ಆಕಿ ಬಿಟ್ಲು." ಅವರು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. "ಫೋನ್ ಮಾಡಿದಾಗೆಲ್ಲಾ ಒಂದೇ ಮಾತು. ಸರ್ ಬರ್ತಾರ, ತಾವೇ ಹೇಳ್ತಾರ, ಸಬರ್ ಮಾಡು, ತಡಿ. ಒಂದು ವರ್ಷ ಕೇಳಿದೆ. ಒಂದಿನ ಸಿಟ್ಟಿಗೆದ್ದು ಅಂದೆ, ನಿಮ್ಮ ಸರ್ ಸುಳ್ಳ ಮನಶ್ಯಾ, ಅಂವಾ ಬರಂಗಿಲ್ಲ ಅಂತ. ಮುನಿಸಿಕೊಂಡ್ಲು. ಸರ್‌ಗೆ ಹಂಗನ್ನಬ್ಯಾಡ ಅಂದ್ಲು. 'ಅವ್ರು ಬರೂ ದಿನಾ ಅವ್ರ ಗಾಡ್ಯಾಗ ನಾನೂ ನಿನ್ನ ಮನೀಗಿ ಬರ್ತೀನಿ, ಅಲ್ಲೀ ತನಕ ಬರಂಗಿಲ್ಲ' ಅಂದು ಫೋನ್ ಇಟ್ಲು."

ನನಗಾಗಿ, ನನ್ನ ಮಾತಿಗಾಗಿ, ಆ ಹೆಣ್ಣುಮಗಳು ತವರು ಬಿಟ್ಟು ಕೂತಿದ್ದಳು. ಮುನಿಸು ಎಂದರೆ ವಾರದಲ್ಲಿ ಮುಗಿಯುವುದು ಎಂದುಕೊಂಡಿದ್ದವನು ನಾನು.

"ಮಂದಿ ಮುಂದ ಆಕಿ ಹೆಸರು ಹೇಳಿದ್ರಿ," ಎಂದರು ತಮ್ಮ. "ಮಂದಿ ಮುಂದೇ ಇದನ್ನೂ ಹೇಳ್ರಿ."

ಹೇಳಿದೆ. ಮುಂದಿನ ಸಭೆಯಲ್ಲಿ, ಅದೇ ವರಾಂಡದಲ್ಲಿ ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ಅವತ್ತಿನ ಅದೇ ಮುದುಕಿ, "ಆಕಿ ಇದ್ದಾಗ ಯಾಕ ಬರ್ಲಿಲ್ಲೋ ಯಪ್ಪಾ?" ಎಂದಳು. ಆಮೇಲೆ ಆ ಕೈಗಳ ಚಿತ್ರ ತೋರಿಸುವುದನ್ನು ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಅದೂ ಗೊತ್ತಿದೆ.

ತೋಟದಿಂದ ಹೊರಟ ದಿನದ್ದು ಒಂದು ಮಾತು ಉಳಿದಿದೆ. ನಾನು ಗಾಡಿ ಹತ್ತಿ ಕೂತಾಗ ಆಪಾ ಅವರ ತಮ್ಮ, ಆ ಮೂಲೆಯ ಹಸಿರು ಗಿಡದ ಎರಡು ಚಿಪ್ಪು ಹಣ್ಣು ತಂದರು. ನನ್ನ ಪಕ್ಕದ ಸೀಟು ಖಾಲಿ ಇತ್ತು, ಅಲ್ಲಿಡಿ ಎಂದೆ. ಅವರು ಹಿಂದಿನ ಬಾಗಿಲು ತೆಗೆದರು. ತಮ್ಮ ಟವೆಲನ್ನು ಸೀಟಿನ ಮೇಲೆ ಹಾಸಿ, ಅದರ ಮೇಲೆ ಹಣ್ಣಿಟ್ಟು, ಬಾಗಿಲು ಹಿಡಿದುಕೊಂಡರು.

"ಇಲ್ಲೇ ಕೂಡ್ತಿದ್ಲಲ್ರೀ?" ಎಂದು ಕೇಳಿದರು.

"ಹೌದು, ಅಲ್ಲೇ," ಎಂದೆ.